ಪಕ್ಕದಲ್ಲಿ ಇದ್ದದ್ದೇ ಹಾಳು ಮಾಡಿತ್ತು

ನೆಂಟರಿಗೆಂದು ಹೊರಗೆ ತೆಗೆದಿದ್ದ ಹಾಸಿಗೆ, ಹೊದಿಕೆ, ದಿಂಬುಗಳನ್ನು ವಾಪಸ್ ಇಡಲು ಹೋದೆ. ಜಾಗವೇ ಇಲ್ಲ. ತೆಗೆಯುವ ಮುಂಚೆ ಆರಾಮಾಗಿ ಒಳಗೇ ಇದ್ದದ್ದು, ಇಡುವಾಗ ಯಾಕೆ ಹಿಡಿಸುವುದಿಲ್ಲವೋ ಗೊತ್ತಿಲ್ಲ. ರಜೆ ಇನ್ನೂ ಸ್ವಲ್ಪ ಉಳಿದಿತ್ತು. ಬರುವವರೆಲ್ಲ ಬಂದು ಹೋಗಿದ್ದರು. ಸರಿ, ಈ ಸಲ ಟ್ರಂಕು, ಬೀರುವಿನ ಕೆಳಗಿನ ಖಾನೆ, ಅಟ್ಟದ ಮೇಲಿನ ರಟ್ಟಿನ ಡಬ್ಬಗಳು, ಎಲ್ಲವನ್ನೂ ಒಮ್ಮೆ ನೋಡಿಬಿಡೋಣ ಅಂದುಕೊಂಡೆ.

ಅಮ್ಮ ಕುರ್ಚಿ ಎಳೆದುಕೊಂಡು ಬಾಗಿಲ ಹತ್ತಿರ ಕೂತರು. "ಏನೂ ಬಿಸಾಡಬೇಡ ಕಣೇ" ಅಂದರು. ನಾನಿನ್ನೂ ಟ್ರಂಕಿನ ಬೀಗ ತೆಗೆದಿರಲಿಲ್ಲ.

ಮನೆ ಖಾಲಿ ಮಾಡುವುದರ ಬಗ್ಗೆ ಈಗ ಬೇಕಾದಷ್ಟು ಸಲಹೆ ಸಿಗುತ್ತದೆ. ವಸ್ತುವನ್ನು ಕೈಯಲ್ಲಿ ಹಿಡಿದು ಖುಷಿ ಆಗುತ್ತದಾ ನೋಡಿ, ಒಂದು ವರ್ಷ ಮುಟ್ಟಿಲ್ಲ ಅಂದರೆ ಕೊಟ್ಟುಬಿಡಿ, ಹೀಗೆ. ಹಳೇ ಚೂಡಿದಾರಕ್ಕೆ, ಮುಚ್ಚಳ ಕಳೆದುಹೋದ ಡಬ್ಬಿಗೆ ಇದು ಸರಿ. ತಾತನ ಕನ್ನಡಕಕ್ಕೆ ಹೇಗೆ ಹೊಂದುತ್ತದೆ? ಅದನ್ನು ನಾನು ಎಷ್ಟೋ ವರ್ಷದಿಂದ ಮುಟ್ಟಿಲ್ಲ. ನೋಡಿದರೆ ಖುಷಿಯೂ ಆಗುವುದಿಲ್ಲ, ಹೊಟ್ಟೆಯಲ್ಲಿ ಏನೋ ಸಂಕಟ ಆಗುತ್ತದೆ. ಆದರೂ ಕೊಡಲು ಮನಸ್ಸಿಲ್ಲ. ಇಂಥ ವಸ್ತುಗಳನ್ನು ವಿಂಗಡಿಸಲು ಬೇರೆ ಪ್ರಶ್ನೆ ಬೇಕು. ಆ ಪ್ರಶ್ನೆ ನನಗೆ ಸಿಕ್ಕಿದ್ದು ಪತ್ರಗಳ ಕಟ್ಟಿನಿಂದ.

ಕಟ್ಟಿಗೆ ಹಾಕಿದ್ದ ರಬ್ಬರ್ ಬ್ಯಾಂಡು ಕರಗಿ ಮೇಲಿನ ಪತ್ರಕ್ಕೆ ಅಂಟಿಕೊಂಡಿತ್ತು. ಎಳೆದರೆ ಕಾಗದವೂ ಬರುತ್ತದೆ. ರಬ್ಬರು ಗಾಳಿಗೆ, ಬಿಸಿಗೆ ಮೊದಲು ಮೆತ್ತಗಾಗಿ ಅಂಟುತ್ತದೆ, ಆಮೇಲೆ ಗಟ್ಟಿಯಾಗಿ ಪುಡಿಯಾಗುತ್ತದೆ. ಒಳಗಿನ ಪತ್ರಗಳಿಗೆ ಗುಂಡುಪಿನ್ನು ಚುಚ್ಚಿತ್ತು. ಪಿನ್ನಿನ ತುಕ್ಕು ನಾಲ್ಕೈದು ಹಾಳೆಗೆ ಇಳಿದಿತ್ತು. ಹರಿದ ಕಡೆ ಯಾರೋ ಪ್ರೀತಿಯಿಂದ ಸೆಲ್ಲೋಟೇಪ್ ಹಚ್ಚಿದ್ದರು. ಟೇಪು ಉದುರಿಹೋಗಿತ್ತು, ಅದರ ಅಂಟು ಕಂದು ಪಟ್ಟಿಯಾಗಿ ಅಕ್ಷರಗಳ ಮೇಲೆ ಉಳಿದಿತ್ತು. ಇಡೀ ಕಟ್ಟನ್ನು ಸುತ್ತಿದ್ದು ನ್ಯೂಸ್‌ಪೇಪರಿನಲ್ಲಿ. ಪೇಪರು ತಾಗಿದ ಪತ್ರ ಹಳದಿಯಾಗಿತ್ತು, ಮಧ್ಯದಲ್ಲಿದ್ದದ್ದು ಹಾಗೇ ಇತ್ತು.

ಅಂದರೆ ಪತ್ರ ತಾನಾಗಿ ಹಾಳಾಗಿರಲಿಲ್ಲ. ಪಕ್ಕದಲ್ಲಿದ್ದದ್ದು ಹಾಳು ಮಾಡಿತ್ತು. ಅಲ್ಲಿಂದ ಮುಂದೆ ಪ್ರತಿ ವಸ್ತು ತೆಗೆದಾಗಲೂ ಇದಕ್ಕೆ ಏನು ತಾಗಿಕೊಂಡಿದೆ ಅಂತ ಮೊದಲು ನೋಡಿದೆ. ಬಿಸಾಡಬೇಕಾದದ್ದು ಅಲ್ಲೇ ಕಾಣುತ್ತಿತ್ತು. ಅಮ್ಮನಿಗೂ ಇದಕ್ಕೆ ತಕರಾರಿರಲಿಲ್ಲ, ಯಾಕೆಂದರೆ ರಬ್ಬರ್ ಬ್ಯಾಂಡಿನ ಮೇಲೆ ಯಾರಿಗೂ ಮೋಹ ಇರುವುದಿಲ್ಲ.

ನ್ಯೂಸ್‌ಪೇಪರಿನ ವಿಷಯ ಸ್ವಲ್ಪ ಹೇಳಬೇಕು, ಯಾಕೆಂದರೆ ಎಲ್ಲ ಮನೆಯಲ್ಲೂ ಅದನ್ನೇ ಹಾಸುವುದು, ಸುತ್ತುವುದು. ಆ ಕಾಗದವನ್ನು ಮರವನ್ನು ಅರೆದು ಅಗ್ಗವಾಗಿ ಮಾಡುತ್ತಾರೆ. ಮರದಲ್ಲಿರುವ ಲಿಗ್ನಿನ್ ಎನ್ನುವ ಪದಾರ್ಥ ಅದರಲ್ಲಿ ಹಾಗೇ ಉಳಿಯುತ್ತದೆ. ಬೆಳಕು, ಗಾಳಿ ತಾಗುತ್ತಿದ್ದಂತೆ ಅದು ಹಳದಿಯಾಗುತ್ತದೆ, ಆಮ್ಲ ಬಿಡುತ್ತದೆ. ಆ ಆಮ್ಲ ಪಕ್ಕದ ಕಾಗದಕ್ಕೆ, ಬಟ್ಟೆಗೆ ಹೋಗುತ್ತದೆ. ಸಾಮಾನ್ಯ ಕಂದು ರಟ್ಟಿನ ಡಬ್ಬವೂ ಇದೇ ಜಾತಿ. ಆಮ್ಲವಿಲ್ಲದ ಕಾಗದ, ಡಬ್ಬ ಅಂತ ಬೇರೆ ಸಿಗುತ್ತವೆ. ಸಿಗದಿದ್ದರೆ ಚೆನ್ನಾಗಿ ಒಗೆದು ಗಂಜಿ ಹಾಕದ ಬಿಳಿ ಹತ್ತಿ ಬಟ್ಟೆ ಸಾಕು.

ಪತ್ರಗಳನ್ನು ಬಿಡಿಸಿ, ಪಿನ್ನು ನಿಧಾನವಾಗಿ ತೆಗೆದು, ಮಡಿಕೆ ಬಿಚ್ಚಿ ಸಪಾಟಾಗಿ ಇಟ್ಟೆ. ಹಳೇ ಪತ್ರ ಮುಟ್ಟಲು ಬಿಳಿ ಕೈಗವಸು ಬೇಕು ಅಂತ ಸಿನಿಮಾಗಳಲ್ಲಿ ತೋರಿಸುತ್ತಾರೆ. ಕಾಗದಕ್ಕೆ ಅದು ಬೇಡ. ಕೈಗವಸು ಹಾಕಿದರೆ ಬೆರಳಿಗೆ ಸೂಕ್ಷ್ಮ ತಿಳಿಯುವುದಿಲ್ಲ, ಅಂಚು ಹರಿಯುತ್ತದೆ. ತೊಳೆದು ಚೆನ್ನಾಗಿ ಒರೆಸಿಕೊಂಡ ಕೈಯೇ ಒಳ್ಳೆಯದು ಅಂತ ದೊಡ್ಡ ಗ್ರಂಥಾಲಯಗಳೂ ಹೇಳುತ್ತವೆ. ಫೋಟೋಗೆ, ಲೋಹಕ್ಕೆ ಮಾತ್ರ ಕೈಗವಸು ಹಾಕಬೇಕು, ಬೆರಳಿನ ಬೆವರು ಅಲ್ಲಿ ಗುರುತು ಬಿಡುತ್ತದೆ. ಕೆಲವು ತುಂಬ ಹಳೆಯ ಪತ್ರಗಳಲ್ಲಿ ಶಾಯಿ ಕಂದು ಬಣ್ಣಕ್ಕೆ ತಿರುಗಿ, ದಪ್ಪ ಅಕ್ಷರಗಳ ಕಡೆ ಕಾಗದ ತೂತಾಗಿತ್ತು. ಕಬ್ಬಿಣ ಸೇರಿಸಿ ಮಾಡುತ್ತಿದ್ದ ಹಿಂದಿನ ಕಾಲದ ಶಾಯಿ ಹಾಗೆ ಮಾಡುತ್ತದೆ, ಕಾಗದವನ್ನೇ ತಿನ್ನುತ್ತದೆ. ಅಂಥವನ್ನು ಒದ್ದೆ ಬಟ್ಟೆಯಲ್ಲಿ ಒರೆಸಲೇಬಾರದು. ಫೋಟೋ ತೆಗೆದು, ಒಂದೊಂದನ್ನೂ ಬೇರೆ ಕವರಿನಲ್ಲಿ ಇಟ್ಟೆ.

ಸಂಜೆ ಅಣ್ಣನಿಗೆ ಫೋನಿನಲ್ಲಿ ಹೇಳಿದೆ. "ಎಲ್ಲ ಲ್ಯಾಮಿನೇಷನ್ ಮಾಡಿಸಿಬಿಡು, ಪೀಡೆ ಹೋಗುತ್ತೆ" ಅಂದ. ಹೋಗುವುದು ಪತ್ರವೇ! ಲ್ಯಾಮಿನೇಷನ್ ಅಂದರೆ ಬಿಸಿ ಮಾಡಿದ ಪ್ಲಾಸ್ಟಿಕ್ಕು, ಅಂಟು ಎರಡೂ ಕಾಗದದೊಳಗೆ ಇಳಿಯುತ್ತವೆ. ಮತ್ತೆ ಬಿಡಿಸಲು ಆಗುವುದಿಲ್ಲ. ಒಳಗಿರುವ ಆಮ್ಲ ಒಳಗೇ ಕೆಲಸ ಮಾಡುತ್ತಿರುತ್ತದೆ. ಅದನ್ನು ಬಿಟ್ಟು ಬೇರೆ ಏನಾದರೂ ಹೇಳಪ್ಪ ಅಂದೆ.

ಫೋಟೋಗಳು ಎಲ್ಲಕ್ಕಿಂತ ಜಾಸ್ತಿ ಸಮಯ ತಿಂದವು. ಆಲ್ಬಮ್ಮಿನ ಹಾಳೆಯಲ್ಲಿ ಅಂಟಿನ ಗೆರೆಗಳಿದ್ದು ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚುತ್ತದಲ್ಲ, ಆ ನಮೂನೆ ಒಂದು ಕಾಲದಲ್ಲಿ ಎಲ್ಲರ ಮನೆಯಲ್ಲೂ ಇತ್ತು. ಫೋಟೋಗೆ ಅದಕ್ಕಿಂತ ಕೆಟ್ಟ ಜಾಗ ಹುಡುಕುವುದು ಕಷ್ಟ. ಹಿಂದೆ ಅಂಟು, ಮುಂದೆ ಪ್ಲಾಸ್ಟಿಕ್ಕು. ಎಷ್ಟೋ ಆಲ್ಬಮ್ಮುಗಳಲ್ಲಿ ಆ ಪ್ಲಾಸ್ಟಿಕ್ಕು ಪಿ.ವಿ.ಸಿ. ಅದು ಹಳತಾದಂತೆ ಆಮ್ಲದ ಆವಿ ಬಿಡುತ್ತದೆ, ಫೋಟೋದ ಮೇಲ್ಮೈಗೆ ಅಂಟಿಕೊಳ್ಳುತ್ತದೆ.

ಬಿಡಿಸುವ ಮುಂಚೆ ಪ್ರತಿ ಪುಟದ ಫೋಟೋ ಮೊಬೈಲಿನಲ್ಲಿ ತೆಗೆದೆ. ಯಾವುದರ ಪಕ್ಕ ಯಾವುದಿತ್ತು ಅನ್ನುವುದೂ ಒಂದು ಮಾಹಿತಿ. ಒಂದೇ ಪುಟದಲ್ಲಿದ್ದವು ಒಂದೇ ಸಮಾರಂಭದ್ದಾಗಿರುತ್ತವೆ, ಅಲ್ವಾ? ಆಮೇಲೆ ಹಲ್ಲಿನ ಸಂದು ಶುಚಿ ಮಾಡುವ ದಾರ ತೆಗೆದುಕೊಂಡೆ. ಮೇಣ, ಪರಿಮಳ ಇಲ್ಲದ್ದು. ಅದನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಫೋಟೋದ ಮೂಲೆಯ ಕೆಳಗೆ ತೂರಿಸಿ, ಗರಗಸದ ಹಾಗೆ ಹಿಂದೆ ಮುಂದೆ ಆಡಿಸುತ್ತ ಒಳಗೆ ತಳ್ಳಬೇಕು. ಅಂಟು ಸಣ್ಣಗೆ ಬಿಡುತ್ತ ಹೋಗುತ್ತದೆ. ಫೋಟೋವನ್ನು ಮೇಲೆ ಮಡಿಸಬಾರದು. ಬಂದರೆ ಬರಲಿ, ಬಾರದಿದ್ದರೆ ಆ ಪುಟವನ್ನು ಹಾಗೇ ಕತ್ತರಿಸಿ ಇಡುವುದು. ಕೆಲವು ಬರಲೇ ಇಲ್ಲ. ಹೇರ್ ಡ್ರೈಯರ್ ಹಿಡಿದರೆ ಬರುತ್ತದೆ ಅಂತ ಕೆಲವರು ಹೇಳುತ್ತಾರೆ. ಬಿಸಿಗೆ ಅಂಟು ಕರಗಿ ಫೋಟೋದೊಳಗೆ ಇಳಿಯಬಹುದು, ಫೋಟೋದ ಮೇಲ್ಪದರವೂ ಮೆತ್ತಗಾಗಬಹುದು. ಆ ಧೈರ್ಯ ನನಗಿಲ್ಲ.

ಒಂದು ವಿಚಿತ್ರ ಗಮನಿಸಿದೆ. ತಾತ ಅಜ್ಜಿಯ ಕಪ್ಪು ಬಿಳುಪು ಫೋಟೋ ಚೆನ್ನಾಗಿವೆ. ನನ್ನ ಬಾಲ್ಯದ ಬಣ್ಣದ ಫೋಟೋಗಳಲ್ಲಿ ಎಲ್ಲರೂ ಕೆಂಪು ಕೆಂಪಾಗಿದ್ದಾರೆ. ಕಾರಣ ಇದೆ. ಕಪ್ಪು ಬಿಳುಪಿನ ಚಿತ್ರ ನಿಜವಾದ ಬೆಳ್ಳಿಯ ಕಣಗಳಿಂದ ಆದದ್ದು. ಬಣ್ಣದ್ದು ರಾಸಾಯನಿಕ ಬಣ್ಣಗಳಿಂದ ಆದದ್ದು. 1970ರ ದಶಕದ ಎಷ್ಟೋ ಪ್ರಿಂಟುಗಳಲ್ಲಿ ನೀಲಿ ಹಸಿರಿನ ಪದರ ಬೇಗ ಮಾಸುತ್ತದೆ, ಕೆಂಪು ಉಳಿಯುತ್ತದೆ. ಕತ್ತಲೆಯಲ್ಲಿ ಮುಚ್ಚಿಟ್ಟರೂ ಮಾಸುತ್ತದೆ. ಹಾಗಾಗಿ ಸ್ಕ್ಯಾನ್ ಮಾಡುವಾಗ ಬಣ್ಣದ ಫೋಟೋಗಳಿಗೇ ಮೊದಲ ಸರದಿ. ಮೊದಲು ಹಳೆಯದು, ಆಮೇಲೆ ಹೊಸದು ಅಂತ ಹೋದರೆ ಲೆಕ್ಕ ತಪ್ಪುತ್ತದೆ. ಫೋಟೋ ಇಡಲು ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಕವರು ಆಗಬಹುದು, ಕಾಗದದ ಕವರೂ ಆಗಬಹುದು. ಹೊಸ ಪ್ಲಾಸ್ಟಿಕ್ ಪರದೆಯಂಥ ಗಾಟು ವಾಸನೆ ಬಂದರೆ ಅದು ಬೇಡ.

ಇಲ್ಲಿ ಅಮ್ಮನ ಕೆಲಸ ಶುರುವಾಯಿತು. ನಾನು ಫೋಟೋ ಎತ್ತಿ ತೋರಿಸುವುದು, ಅವರು ಹೆಸರು ಹೇಳುವುದು. ಹೆಸರಿನ ಜೊತೆ ಅವರ ಸಾಲದ ಕಥೆ, ಮುನಿಸಿನ ಕಥೆ, ಮದುವೆಯಲ್ಲಿ ಊಟಕ್ಕೆ ಕೂರದೇ ಎದ್ದು ಹೋದ ಕಥೆ. ಕೆಲಸ ನಿಧಾನವಾಯಿತು, ನಾನೂ ಅವಸರ ಮಾಡಲಿಲ್ಲ. ಮೆತ್ತನೆಯ ಪೆನ್ಸಿಲಿನಲ್ಲಿ ಫೋಟೋದ ಹಿಂದೆ ಅಂಚಿನಲ್ಲಿ ಹಗುರವಾಗಿ ಬರೆದೆ. ಬಾಲ್‌ಪೆನ್ನು ಒತ್ತಿದರೆ ಅಕ್ಷರ ಮುಂದಕ್ಕೆ ಮೂಡುತ್ತದೆ. ಪೆನ್ಸಿಲು ಹಿಡಿಯದ ನುಣುಪು ಕಾಗದವಾದರೆ ಕವರಿನ ಮೇಲೆ ಮೊದಲೇ ಬರೆದು, ಆಮೇಲೆ ಫೋಟೋ ಒಳಗಿಟ್ಟೆ. ಕಥೆಗಳನ್ನು ಮಾತ್ರ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಅಮ್ಮನಿಗೆ ಹೇಳಿಯೇ ಮಾಡಿದ್ದು. "ಆ ಸಾಲದ ವಿಷಯ ಬೇಡ ಬಿಡು, ಮಕ್ಕಳು ಕೇಳಿದರೆ ಬೇಜಾರು ಮಾಡಿಕೊಳ್ತಾರೆ" ಅಂತ ಆಮೇಲೆ ಅಂದರು. ತೆಗೆದುಬಿಟ್ಟೆ.

ಬೆಳ್ಳಿ ಸಾಮಾನು ಉಣ್ಣೆಯ ಶಾಲಿನಲ್ಲಿ ಸುತ್ತಿಟ್ಟಿತ್ತು. ಬೆಚ್ಚಗಿರಲಿ ಅಂತಲೋ ಏನೋ. ಕಪ್ಪಿಟ್ಟು ಹೋಗಿತ್ತು. ಬೆಳ್ಳಿ ಕಪ್ಪಾಗುವುದು ಗಂಧಕದಿಂದ. ಗಾಳಿಯಲ್ಲಿರುವ ಗಂಧಕದ ಆವಿ ಬೆಳ್ಳಿಯ ಜೊತೆ ಸೇರಿ ಬೆಳ್ಳಿಯ ಸಲ್ಫೈಡ್ ಆಗುತ್ತದೆ, ಅದು ಕಪ್ಪು. ಉಣ್ಣೆಯಲ್ಲಿ ಗಂಧಕ ಇದೆ. ರಬ್ಬರಿನಲ್ಲೂ ಇದೆ. ಅಲ್ಲಿಗೆ ಶಾಲು ಬೇರೆ, ಬೆಳ್ಳಿ ಬೇರೆ.

ಕಪ್ಪು ತೆಗೆಯಲು ಅಡುಗೆ ಸೋಡಾ ಉಪಾಯ ನಿಜಕ್ಕೂ ಕೆಲಸ ಮಾಡುತ್ತದೆ. ಪಾತ್ರೆಯ ತಳಕ್ಕೆ ಅಲ್ಯೂಮಿನಿಯಂ ಹಾಳೆ ಹಾಸಿ, ಅದರ ಮೇಲೆ ಬೆಳ್ಳಿ ಇಟ್ಟು, ಸೋಡಾ ಹಾಕಿ ಬಿಸಿನೀರು ಸುರಿಯುವುದು. ಬೆಳ್ಳಿ ಹಾಳೆಗೆ ತಾಗಿರಬೇಕು. ಗಂಧಕ ಬೆಳ್ಳಿಯನ್ನು ಬಿಟ್ಟುಹೋಗುತ್ತದೆ, ಬೆಳ್ಳಿ ಇದ್ದಲ್ಲೇ ಉಳಿಯುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಕಿಟಕಿ ತೆಗೆದಿಡಿ. ಪಾಲಿಶ್ ಹಾಕಿ ತಿಕ್ಕಿದರೆ ಪ್ರತಿ ಸಲವೂ ಸ್ವಲ್ಪ ಬೆಳ್ಳಿಯೇ ಸವೆದು ಹೋಗುತ್ತದೆ. ಆದರೆ ಎಲ್ಲವನ್ನೂ ಹೀಗೆ ಮುಳುಗಿಸಬಾರದು. ಕಲ್ಲು, ಮುತ್ತು ಕೂರಿಸಿದ್ದು, ಒಳಗೆ ಟೊಳ್ಳಿದ್ದು, ಅಂಟು ಹಾಕಿದ್ದು, ಇವೆಲ್ಲ ಬೇಡ. ಕೆತ್ತನೆಯ ಗೆರೆ ಎದ್ದು ಕಾಣಲಿ ಅಂತ ಬೇಕೆಂದೇ ಕಪ್ಪು ಮಾಡಿದ ಕೆಲಸ ಇರುತ್ತದೆ, ಅದು ಸೋಡಾ ನೀರಿಗೆ ಬಿದ್ದರೆ ಬೋಳಾಗುತ್ತದೆ. ನಮ್ಮಲ್ಲೊಂದು ಸಣ್ಣ ಡಬ್ಬಿ ಅಂಥದ್ದು. ಮೆತ್ತನೆ ಬಟ್ಟೆಯಲ್ಲಿ ಮೇಲೆ ಮಾತ್ರ ಒರೆಸಿ ಬಿಟ್ಟೆ.

ಹಿತ್ತಾಳೆ ಚೊಂಬಿನ ಅಂಚಿನಲ್ಲಿ ಮುತ್ತಜ್ಜಿಯ ಹೆಸರು ಕೆತ್ತಿತ್ತು ಅಂತ ಅಮ್ಮ ಹೇಳುತ್ತಾರೆ. ಈಗ ಕೊನೆಯ ಎರಡು ಅಕ್ಷರ ಮಾತ್ರ ಇದೆ. ಹುಳಿ ಹಚ್ಚಿ ತಿಕ್ಕಿ ತಿಕ್ಕಿ ಹೆಸರೇ ಹೋಗಿದೆ. ಅದನ್ನು ಇನ್ನು ತಿಕ್ಕುವುದು ಬೇಡ, ಒಣಬಟ್ಟೆ ಸಾಕು ಅಂತ ಮನೆಯಲ್ಲಿ ಎಲ್ಲರಿಗೂ ಹೇಳಿದ್ದೇನೆ. ಹೊಳೆಯದಿದ್ದರೆ ಬೇಡ.

ಒರೆಸುವ ಮಾತು ಬಂತಲ್ಲ, ಇನ್ನೊಂದು ಹೇಳಿಬಿಡುತ್ತೇನೆ. ವಸ್ತುಸಂಗ್ರಹಾಲಯಗಳಲ್ಲಿ ಹಳೇ ಚಿತ್ರ, ಮೂರ್ತಿಗಳ ಕೊಳೆ ತೆಗೆಯುವವರು ಹತ್ತಿಗೆ ಎಂಜಲು ಹಚ್ಚಿ ಒರೆಸುವುದುಂಟು. ತಮಾಷೆ ಅಲ್ಲ. ಎಂಜಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಕೊಳೆ ಬಿಡಿಸುತ್ತದೆ. ಇದನ್ನು ಅಳೆದು ನೋಡಿದ ಪೋರ್ಚುಗಲ್‌ನ ಸಂಶೋಧಕರಿಗೆ 2018ರಲ್ಲಿ ಇಗ್ ನೊಬೆಲ್ ಬಹುಮಾನ ಬಂತು. ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಬಹುಮಾನ ಅದು. ಅಮ್ಮನಿಗೆ ಹೇಳಿದೆ. "ಥೂ" ಅಂದರು.

ಅಜ್ಜಿಯ ರೇಷ್ಮೆ ಸೀರೆಗಳನ್ನು ಬಿಚ್ಚುವಾಗ ಕೈ ಸ್ವಲ್ಪ ನಡುಗಿತು. ಮಡಿಕೆಯ ಜಾಗದಲ್ಲೇ ಒಂದು ಸೀಳಿತ್ತು. ವರ್ಷಗಟ್ಟಲೆ ಒಂದೇ ಗೆರೆಯಲ್ಲಿ ಮಡಿಸಿಟ್ಟರೆ ಎಳೆಗಳು ಅಲ್ಲೇ ಮುರಿಯುತ್ತವೆ. ಜರಿ ಇದ್ದರೆ ಇನ್ನೂ ಬೇಗ, ಏಕೆಂದರೆ ಜರಿಯೆಂದರೆ ದಾರಕ್ಕೆ ಸುತ್ತಿದ ಲೋಹದ ಎಳೆ. ಭಾರದ ಸೀರೆಯನ್ನು ಹ್ಯಾಂಗರಿಗೆ ನೇತುಹಾಕಿದರೆ ಅದರ ಭಾರಕ್ಕೆ ಅದೇ ಜಗ್ಗುತ್ತದೆ. ಅಗಲವಾಗಿ ಮಡಿಸಿ, ಮಡಿಕೆಯ ಒಳಗೆ ಹಳೇ ಮೆತ್ತನೆ ಹತ್ತಿ ಬಟ್ಟೆಯ ಸುರುಳಿ ಇಟ್ಟೆ, ಗೆರೆ ಚೂಪಾಗದಂತೆ. ಆಗಾಗ ತೆಗೆದು ಬೇರೆ ಗೆರೆಯಲ್ಲಿ ಮಡಿಸಬೇಕು. ಬಿಸಿಲಿಗೆ ಹಾಕಲಿಲ್ಲ, ನೆರಳಿನಲ್ಲಿ ಗಾಳಿಗೆ ಹರಡಿದೆ. ಬೆಳಕು ಮಾಡುವ ಹಾನಿಯನ್ನು ಮತ್ತೆ ಸರಿಮಾಡಲು ಆಗುವುದಿಲ್ಲ. ಬಟ್ಟೆ ಪ್ರದರ್ಶನಕ್ಕಿಡುವ ವಸ್ತುಸಂಗ್ರಹಾಲಯಗಳಲ್ಲಿ ಬೆಳಕನ್ನು ಸುಮಾರು 50 ಲಕ್ಸ್‌ಗೆ (ಲಕ್ಸ್ ಅಂದರೆ ಬೆಳಕಿನ ಅಳತೆ) ಇಳಿಸಿರುತ್ತಾರೆ, ಓದಲು ಬೇಕಾಗುವುದಕ್ಕಿಂತ ತುಂಬ ಕಡಿಮೆ.

ಸೀರೆಗಳ ಮಧ್ಯೆ ನುಸಿಗುಳಿಗೆ ಇತ್ತು. ಆ ವಾಸನೆಗೆ ಬಾಲ್ಯ ನೆನಪಾಗುತ್ತದೆ ಅನ್ನುವವರಿದ್ದಾರೆ. ಇರಲಿ. ಆ ಗುಳಿಗೆಯಲ್ಲಿರುವ ನ್ಯಾಫ್ತಲೀನ್ ಮನುಷ್ಯರಲ್ಲಿ ಕ್ಯಾನ್ಸರ್ ತರಬಹುದಾದ ಪದಾರ್ಥಗಳ ಪಟ್ಟಿಯಲ್ಲಿದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಹಸುಗೂಸುಗಳಿಗಂತೂ, ಅದರಲ್ಲಿಟ್ಟ ಬಟ್ಟೆ ಸುತ್ತಿದರೂ ರಕ್ತದ ಕೆಂಪು ಕಣಗಳು ಒಡೆಯುವ ಅಪಾಯವಿದೆ. ಕೊರತೆ ಇದೆಯೋ ಇಲ್ಲವೋ ಎಷ್ಟೋ ಸಲ ಮೊದಲೇ ಗೊತ್ತಿರುವುದಿಲ್ಲ. ಅಜ್ಜಿಯ ಸೀರೆಯಲ್ಲಿ ಮಗು ಸುತ್ತುವ ಆಸೆ ಎಷ್ಟು ಜನಕ್ಕಿರುತ್ತದೆ ಯೋಚಿಸಿ. ಗುಳಿಗೆಯೆಲ್ಲ ಹೊರಗೆ ಹೋಯಿತು. ಬಟ್ಟೆ ತಿನ್ನುವುದು ಹಾರುವ ಪತಂಗ ಅಲ್ಲ, ಅದರ ಮರಿಹುಳು. ಅದಕ್ಕೆ ಬೇಕಾದದ್ದು ಉಣ್ಣೆ, ರೇಷ್ಮೆ, ಅದರಲ್ಲೂ ಬೆವರು ಕೊಳೆ ಇದ್ದರೆ ಇನ್ನೂ ಇಷ್ಟ. ಶುಚಿ ಮಾಡಿ ಇಟ್ಟರೆ ಅರ್ಧ ಕೆಲಸ ಮುಗಿಯಿತು.

ಆ ಉಣ್ಣೆ ಶಾಲಿನಲ್ಲಿ ತೂತುಗಳಿದ್ದವು. ಹುಳ ಇನ್ನೂ ಇದೆಯೋ ಹೋಗಿದೆಯೋ ಗೊತ್ತಾಗಲಿಲ್ಲ. ಪಾಲಿಥೀನ್ ಚೀಲದಲ್ಲಿ ಹಾಕಿ, ಗಾಳಿ ತೆಗೆದು, ಬಾಯಿ ಬಿಗಿಯಾಗಿ ಕಟ್ಟಿ ಫ್ರೀಜರಿಗೆ ಇಟ್ಟೆ. ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಟ್ಟರೆ ಹುಳವೂ ಮೊಟ್ಟೆಯೂ ಸಾಯುತ್ತವೆ. ಹೊರಗೆ ತೆಗೆದ ಮೇಲೆ ತಕ್ಷಣ ಚೀಲ ಬಿಚ್ಚಬಾರದು. ಬಿಚ್ಚಿದರೆ ತಣ್ಣನೆ ಬಟ್ಟೆಯ ಮೇಲೆ ನೀರು ಕೂರುತ್ತದೆ. ಒಂದು ದಿನ ಹೊರಗೇ ಇಟ್ಟು ಆಮೇಲೆ ಬಿಚ್ಚುವುದು. ಮನೆಯಲ್ಲಿ ಐಸ್ ತೆಗೆಯಲು ಹೋದವರೆಲ್ಲ ಶಾಲು ನೋಡಿ ಬೆಚ್ಚಿಬಿದ್ದರು.

ತಾತನ ಕೈಗಡಿಯಾರ ತೀರಾ ಹಳೆಯದು, ಮುಳ್ಳುಗಳಿಗೆ ಹಸಿರು ಬಣ್ಣ ಬಳಿದಿದೆ. ಕತ್ತಲೆಯಲ್ಲಿ ಹೊಳೆಯುವುದಿಲ್ಲ. ಹೊಳೆಯದಿದ್ದರೆ ಅದರಲ್ಲಿ ಏನೂ ಇಲ್ಲ ಅಂದುಕೊಳ್ಳಬಾರದು. 1960ರ ದಶಕದವರೆಗೂ ಗಡಿಯಾರಗಳಿಗೆ ವಿಕಿರಣ ಸೂಸುವ ರೇಡಿಯಂ ಸೇರಿಸಿದ ಬಣ್ಣ ಬಳಿಯುತ್ತಿದ್ದರು. ಹೊಳಪು ಹೋಗುವುದು ಅದರ ಜೊತೆಗಿರುವ ಸತುವಿನ ಸಲ್ಫೈಡ್ ಸೋತು ಹೋಗಿರುವುದರಿಂದ. ರೇಡಿಯಂ ಅರ್ಧಕ್ಕೆ ಇಳಿಯಲು ಸುಮಾರು 1600 ವರ್ಷ ಬೇಕು. ಗಾಜು ಗಟ್ಟಿಯಾಗಿದ್ದರೆ ಡಬ್ಬಿಯಲ್ಲಿ ಇಡಬಹುದು. ಬಿಚ್ಚಬಾರದು, ಮಕ್ಕಳ ಕೈಗೆ ಕೊಡಬಾರದು, ಬಣ್ಣದ ಪುಡಿ ಒಳಗೆ ಹೋಗಬಾರದು. ಕೀ ಕೊಟ್ಟು ಓಡಿಸಿ ನೋಡುವ ಆಸೆಯನ್ನೂ ಬಿಟ್ಟೆ.

ಪುಸ್ತಕಗಳ ಬಗ್ಗೆ ಜಾಸ್ತಿ ಹೇಳಲು ಇಲ್ಲ. ಬೆಳ್ಳಿ ಮೀನಿನಂಥ ಹುಳ ಇತ್ತು, ಅದಕ್ಕೆ ಬೈಂಡಿಂಗಿನ ಅಂಟು ಬೇಕು, ತೇವ ಬೇಕು. ಗೋಡೆಗೆ ಒತ್ತಿದ್ದ ಕಪಾಟನ್ನು ಮುಂದಕ್ಕೆ ಎಳೆದು ಗಾಳಿಯಾಡಲು ಬಿಟ್ಟೆ. ಗಾಳಿಯ ತೇವ 65 ಪರ್ಸೆಂಟ್ ದಾಟಿ ಹಾಗೇ ನಿಂತರೆ ಬೂಸ್ಟು ಬರುತ್ತದೆ. ತೇವ ತೋರಿಸುವ ಚಿಕ್ಕ ಮೀಟರೊಂದನ್ನು ಅಲ್ಲೇ ಇಟ್ಟಿದ್ದೇನೆ. ಅಟ್ಟವಂತೂ ಯಾವ ಬೆಲೆಯ ವಸ್ತುವಿಗೂ ಜಾಗ ಅಲ್ಲ. ಹಗಲು ಕಾಯುತ್ತದೆ, ರಾತ್ರಿ ತಣ್ಣಗಾಗುತ್ತದೆ, ಮಳೆಗೆ ಸೋರುತ್ತದೆ. ಈಗ ಅಲ್ಲಿ ಹಾಸಿಗೆ, ದಿಂಬುಗಳಿವೆ. ವಸ್ತುಗಳು ಕೆಳಗೆ ಬಂದಿವೆ.

ಜಾಗ ಹೇಗೆ ಆಯಿತು ಅಂದರೆ, ಡಬ್ಬದಲ್ಲಿ ಅರ್ಧ ಇದ್ದದ್ದು ಸುತ್ತಿದ್ದ ಪೇಪರು, ಒಡೆದ ಫ್ರೇಮು, ಖಾಲಿ ಆಲ್ಬಮ್ಮು, ಯಾರದ್ದೋ ಗೊತ್ತಿಲ್ಲದ ಬೀಗದ ಕೈ, ಒಂದೇ ನೆಗೆಟಿವ್‌ನಿಂದ ಹಾಕಿಸಿದ ಅದೇ ಫೋಟೋದ ಕಂತೆ. ಅದೇ ಫೋಟೋಗಳಲ್ಲಿ ಒಂದೊಂದನ್ನು ಅಣ್ಣನಿಗೆ, ಚಿಕ್ಕಮ್ಮನ ಮಕ್ಕಳಿಗೆ ಕಳಿಸಿದೆ. ಎಲ್ಲ ಒಂದೇ ಮನೆಯಲ್ಲಿದ್ದು ನೀರು ನುಗ್ಗಿದರೆ ಎಲ್ಲವೂ ಒಟ್ಟಿಗೆ ಹೋಗುತ್ತವೆ, ಹಂಚಿದರೆ ಎಲ್ಲೋ ಒಂದು ಉಳಿಯುತ್ತದೆ. ನೆಗೆಟಿವ್ ಮಾತ್ರ ಯಾವುದನ್ನೂ ಬಿಸಾಡಲಿಲ್ಲ. ತಾತನ ಕನ್ನಡಕ ಇದೆ. ತಾತನ ಮುರಿದ ಛತ್ರಿ ಹೋಯಿತು. ಅಮ್ಮ ಒಂದು ಗಂಟೆ ಮಾತಾಡಲಿಲ್ಲ. ಆಮೇಲೆ ಅವರೇ "ಅದು ತಾತಂದಲ್ಲ, ನಿಮ್ಮಪ್ಪ ಎಲ್ಲಿಂದಲೋ ತಂದಿದ್ದು" ಅಂದರು.

ಕೊನೆಗೆ ಸಿಕ್ಕಿದ್ದು ಒಂದು ಕ್ಯಾಸೆಟ್ಟು. ಮೇಲೆ ಪೆನ್ನಿನಲ್ಲಿ ಅಜ್ಜಿಯ ಹೆಸರು. ಕ್ಯಾಸೆಟ್ಟು ಫಿಲಿಪ್ಸ್ ಕಂಪನಿಯಿಂದ 1963ರಲ್ಲಿ ಬಂತು, ಮುಂದೆ ಮನೆ ಮನೆಯಲ್ಲೂ ಧ್ವನಿ ಹಿಡಿದಿಡಲು ಅದೇ ಆಯಿತು. ಟೇಪಿನ ಮೇಲಿನ ಕಾಂತದ ಪದರ ಹಳತಾದಂತೆ ಉದುರುತ್ತದೆ, ಕೆಲವು ಸಲ ಅಂಟಂಟಾಗುತ್ತದೆ. ಎಷ್ಟು ಸಲ ಕೇಳಲು ಸಿಗುತ್ತದೋ ಹೇಳಲಾಗುವುದಿಲ್ಲ. ಮೊದಲ ಸಲವೇ ಕೊನೆಯ ಸಲ ಆಗಬಹುದು ಅಂದುಕೊಂಡೇ ಹಾಕಬೇಕು. ಹಾಗಾಗಿ ಮೊದಲು ಅಂಚಿನಲ್ಲಿರುವ ಎರಡೂ ಪುಟ್ಟ ಪ್ಲಾಸ್ಟಿಕ್ ಚೂರುಗಳನ್ನು ಮುರಿದೆ, ಇನ್ನು ಯಾರೂ ತಪ್ಪಿ ಅದರ ಮೇಲೆ ರೆಕಾರ್ಡ್ ಮಾಡಲಾಗುವುದಿಲ್ಲ. ಬೂಸ್ಟಿನ ಬಿಳಿ ಚುಕ್ಕೆ ಇದೆಯಾ ನೋಡಿದೆ, ಇರಲಿಲ್ಲ. ಗೆಳತಿಯೊಬ್ಬಳ ಹತ್ತಿರ ಚೆನ್ನಾಗಿರುವ ಪ್ಲೇಯರ್ ಇತ್ತು. ಅದರ ಹೆಡ್ಡನ್ನು ಒರೆಸಿ, ಬೇರೆ ಕೆಲಸಕ್ಕೆ ಬಾರದ ಕ್ಯಾಸೆಟ್ಟು ಹಾಕಿ ಪರೀಕ್ಷಿಸಿ, ಕಂಪ್ಯೂಟರಿಗೆ ತಂತಿ ಜೋಡಿಸಿದ ಮೇಲೆಯೇ ಇದನ್ನು ಹಾಕಿದ್ದು.

ಅಜ್ಜಿ ಹಾಡಿರಬಹುದು ಅಂತ ಅಮ್ಮ ಅಂದುಕೊಂಡಿದ್ದರು. ಹಾಡಲ್ಲ. ಯಾರೋ ಮಕ್ಕಳು ಗಲಾಟೆ ಮಾಡುತ್ತಿದ್ದಾರೆ, ಅಜ್ಜಿ ಅವರನ್ನು ಚೆನ್ನಾಗಿ ಬೈಯುತ್ತಿದ್ದಾರೆ. ಮಧ್ಯೆ ಒಂದು ಹುಡುಗ ಕಿಲಕಿಲ ನಗುತ್ತಾನೆ. ಅದನ್ನು ಮನೆಯವರೆಲ್ಲ ಇರುವ ವಾಟ್ಸಾಪ್ ಗುಂಪಿಗೆ ಹಾಕಿ, ನಗುವುದು ಯಾರು ಅಂತ ಕೇಳಿದೆ. ಅಣ್ಣ ಅದು ತಾನೇ ಅಂದ. ಚಿಕ್ಕಮ್ಮ ಅದು ಅವರ ಮಗ ಅಂದರು. ದೊಡ್ಡಪ್ಪ ಅದು ಹುಡುಗನೇ ಅಲ್ಲ, ಅವರ ಎರಡನೇ ಮಗಳು ಅಂತ ಬರೆದಿದ್ದಾರೆ. ಜಗಳ ಇನ್ನೂ ನಡೆಯುತ್ತಿದೆ.